ಓಲೀಟಾಳ ಭರಣಿಗಳು

ವರ್ನೀಸ್ ಸೌಟು ತಿರುಗಿಸುತ್ತಲೇ ಇದ್ದಳು. ಅಮ್ಮ ಗಾಜಿನ ಭರಣಿಗಳಲ್ಲಿ ತುಂಬಿ, ವರ್ಷವಿಡೀ ಇರಲೆಂದು ಬಿಗಿಮುಚ್ಚಳ ಹಾಕಿಟ್ಟಿದ್ದ ಹುರುಳಿಕಾಯಿ ಉಪ್ಪು ಹಾಕಿದ ಹಂದಿಮಾಂಸದ ಜೊತೆ ಬೆಳಗಿನಿಂದ ಕುದಿಯುತ್ತಿತ್ತು. ಅಮ್ಮನನ್ನು ಗುಡ್ಡದ ಮೇಲೆ ಮಣ್ಣು ಮಾಡಿ ಬಂದವರು ಚರ್ಚಿನ ಊಟದ ಕೋಣೆಯಲ್ಲಿ ತಟ್ಟೆ ಹಿಡಿದು ಕಾಯುತ್ತಿದ್ದರು.

"ಸಾಕು ಬಿಡೇ, ಗಂಜಿ ಆಗೋಯ್ತು," ಎಂದಳು ಅಮ್ಮನ ತಂಗಿ ಡ್ರೂಸಿಲಾ. "ನಿಮ್ಮಮ್ಮ ನೋಡಿದ್ರೆ ಎದ್ದು ಬಂದು ಸೌಟು ಕಿತ್ಕೊಳ್ತಿದ್ಲು."

"ಇನ್ನೊಂದು ಸ್ವಲ್ಪ, ಚಿಕ್ಕಮ್ಮ."

"ಒಳ್ಳೆ ವಿಷ ಕುದಿಸೋರ ಹಾಗೆ ಆಡ್ತೀಯಲ್ಲೇ!"

ಡ್ರೂಸಿಲಾ ತಮಾಷೆಗೆ ಅಂದದ್ದು. ವರ್ನೀಸ್ ಮಾತ್ರ ನಗದೆ ಉರಿಯನ್ನು ಇನ್ನಷ್ಟು ಏರಿಸಿದಳು.

*

ಕಳೆದ ಬೇಸಿಗೆಯಲ್ಲಿ ಅಮ್ಮನ ಅಡುಗೆಮನೆ ಹೊಕ್ಕಾಗ ಮೇಜಿನ ತುಂಬ ಭರಣಿಗಳಿದ್ದವು. ಮುಚ್ಚಳಗಳು ಟಿಕ್ ಟಿಕ್ ಎಂದು ಬಿಗಿದುಕೊಳ್ಳುತ್ತಿದ್ದವು. ದೊಡ್ಡ ಪ್ರೆಷರ್ ಕುಕ್ಕರಿನ ಮುಚ್ಚಳ ಮಾತ್ರ ಮೂಲೆಯಲ್ಲಿ ಒಣಗಿ ಬಿದ್ದಿತ್ತು.

"ಅಮ್ಮ, ಪ್ರೆಷರ್ ಬರಿಸಿದ್ಯಾ?"

"ಬರಿಸ್ದೆನಲ್ಲ." ಅಮ್ಮ ಓಲೀಟಾ ಕುಕ್ಕರಿನ ಕಡೆ ನೋಡಿದಳು, ಭರಣಿಗಳ ಕಡೆ ನೋಡಿದಳು. ಮುಖ ಬಿಳಿಚಿಕೊಂಡಿತು. "ಬರಿಸಿದ್ನೇನೇ?"

ಪ್ರೆಷರಿನಲ್ಲಿ ಬೇಯಿಸದೆ ಬರೀ ಕುದಿನೀರಲ್ಲಿಟ್ಟು ತೆಗೆದರೆ ಮುಚ್ಚಿದ ಭರಣಿಯೊಳಗೇ ವಿಷ ಹುಟ್ಟುತ್ತದೆ; ಹುರುಳಿಕಾಯಿ ಮಾತ್ರ ನೋಡಲಿಕ್ಕೆ ಚೆನ್ನಾಗಿಯೇ ಇರುತ್ತದೆ. ವಾಸನೆ ಇಲ್ಲ, ಬಣ್ಣ ಕೆಡುವುದಿಲ್ಲ. ಗುಡ್ಡದಾಚೆಯ ಒಂದು ಮನೆಯಲ್ಲಿ ಅಂಥ ಭರಣಿ ತೆರೆದು ತಣ್ಣಗೇ ತಿಂದ ಅಪ್ಪ ಮಗಳಿಗೆ ಮೊದಲು ಕಣ್ಣಿಗೆ ಎಲ್ಲ ಎರಡೆರಡಾಗಿ ಕಂಡಿತು, ಆಮೇಲೆ ನಾಲಗೆ ಬಿದ್ದುಹೋಯಿತು, ಆಮೇಲೆ ಉಸಿರು. ಕೆಂಟಕಿಯ ಈ ಕಣಿವೆಗಳಲ್ಲಿ ಆ ಕಥೆ ಗೊತ್ತಿಲ್ಲದವರಿಲ್ಲ.

ಆವತ್ತಿನ ಭರಣಿಗಳನ್ನು ವರ್ನೀಸ್ ಹಿತ್ತಲಲ್ಲಿ ಹೂತಳು. ಆದರೆ ನೆಲಮಾಳಿಗೆಯಲ್ಲಿ ಸಾಲುಸಾಲು ಇದ್ದವಲ್ಲ, ಅವುಗಳಲ್ಲಿ ಒಳ್ಳೆಯವು ಯಾವುವು, ಕೆಟ್ಟವು ಯಾವುವು?

"ಯಾರಿಗೂ ಹೇಳ್ಬೇಡ," ಎಂದು ಅಮ್ಮ ಅವಳ ಕೈ ಹಿಡಿದುಕೊಂಡಿದ್ದಳು. "ತಲೆ ಕೆಟ್ಟಿದೆ ಅಂದ್ಕೊಂಡು ನನ್ನ ಕೈ ಊಟ ಯಾರೂ ಮುಟ್ಟಲ್ಲ. ಆಣೆ ಮಾಡು."

ವರ್ನೀಸ್ ಆಣೆ ಮಾಡಿದಳು. ಅಂದಿನಿಂದ ಅಮ್ಮನ ಮನೆಯಲ್ಲಿ ಒಲೆಯ ಮುಂದೆ ತಾನೇ ನಿಂತು, ಪ್ರತಿ ಭರಣಿಯದ್ದನ್ನೂ ವಿಷ ಸಾಯುವಷ್ಟು ಹೊತ್ತು ಕೊತಕೊತ ಕುದಿಸಿದಳು. ನಿದ್ದೆಯಲ್ಲೇ ಹೃದಯ ನಿಂತು ಅಮ್ಮ ಹೋದಾಗಲೂ ಅವಳಿಗೆ ಮೊದಲು ನೆನಪಾದದ್ದು ನೆಲಮಾಳಿಗೆ. ಅಂಥ ಮಗಳಾದೆನಲ್ಲ ಎಂದು ಆಮೇಲೆ ಅತ್ತಳು. ಇವತ್ತು ಎಲ್ಲರೂ ಹೋದ ಮೇಲೆ ಅಲ್ಲಿ ಉಳಿದ ಭರಣಿಗಳನ್ನೂ ಹೂತುಬಿಡುವುದೆಂದು ನಿರ್ಧರಿಸಿದ್ದಳು.

*

ಊಟ ಮುಗಿಯಿತು. "ಮದುವೆಗೂ ಸಾವಿಗೂ ಓಲೀಟಾನ ಹುರುಳಿಕಾಯಿ ಇರ್ಲೇಬೇಕಿತ್ತು," ಎಂದು ಪಕ್ಕದ ಮನೆಯ ಕಾರ್ಬಿಟ್ ಬಟ್ಟಲನ್ನು ಮೆಕ್ಕೆಜೋಳದ ಬ್ರೆಡ್ಡಿನಿಂದ ಒರೆಸಿ ತಿಂದ. ವರ್ನೀಸ್ ನಿಟ್ಟುಸಿರು ಬಿಟ್ಟು ಪಾತ್ರೆ ತೊಳೆದಳು. ಕೈ ಒರೆಸಿಕೊಂಡು ಹೊರಗೆ ಬಂದರೆ ಡ್ರೂಸಿಲಾ ಕಾರಿನ ಡಿಕ್ಕಿ ತೆರೆದು ನಿಂತಿದ್ದಳು.

"ನೆಲಮಾಳಿಗೇದೆಲ್ಲ ತಂದೆ ಕಣೇ. ಮನೆಗೊಂದೊಂದು, ಅಕ್ಕನ ನೆನಪಿಗೆ."

ಜನ ಆಗಲೇ ಭರಣಿಗಳನ್ನು ಕಂಕುಳಲ್ಲಿ ಇರುಕಿಕೊಂಡು ಕಾರು ಹತ್ತುತ್ತಿದ್ದರು. ವರ್ನೀಸ್ ಕೈ ಬೀಸಿದಳು.

"ಚೆನ್ನಾಗಿ ಕುದಿಸಿ ತಿನ್ನಿ!" ಎಂದು ಕೂಗಿದಳು. "ತುಂಬಾ ಹೊತ್ತು ಕುದಿಸ್ಬೇಕು!"

"ನಿನ್ನ ಹಾಗೆ ಗಂಜಿ ಮಾಡೋಕಾ?" ಯಾರೋ ನಕ್ಕರು.

ಕಾರ್ಬಿಟ್ ತನ್ನ ಟ್ರಕ್ಕಿನ ಬಾಗಿಲು ತೆರೆದಿಟ್ಟುಕೊಂಡು ಕೂತಿದ್ದ. ಮುಚ್ಚಳ ಕಳಚಿ ಆಗಿತ್ತು. "ನಂಗೆ ತಣ್ಣಗಿದ್ರೇನೇ ರುಚಿ," ಎಂದು ಭರಣಿಗೆ ಬೆರಳು ಹಾಕಿದ.

ವರ್ನೀಸ್ ಓಡಿದಳು. ಅವನ ಕೈಯಿಂದ ಭರಣಿ ಹಾರಿ ಜಲ್ಲಿಯ ಮೇಲೆ ಚೂರಾಯಿತು.

"ಬಾಯಿಗೆ ಹಾಕ್ಕೊಂಡ್ಯಾ? ಕಾರ್ಬಿಟ್, ಹೇಳು! ನುಂಗಿದ್ಯಾ?"

"ಇಲ್ಲ ಮಾರಾಯ್ತಿ! ಹುಚ್ಚು ಹಿಡೀತಾ ನಿಂಗೆ?"

"ನಂಗಲ್ಲ," ಎಂದಳು ವರ್ನೀಸ್. "ಅಮ್ಮಂಗೆ. ಅಮ್ಮಂಗೆ ನೆನಪು ಹೋಗಿತ್ತು. ಪ್ರೆಷರ್ ಬರಿಸೋದು ಮರೀತಿದ್ಲು. ಯಾರೂ ತಿನ್ಬೇಡಿ."

ಹೊರಟ ಕಾರುಗಳು ನಿಂತವು. ಡ್ರೂಸಿಲಾ ದುಡುದುಡು ಬಂದಳು.

"ಗೋರಿ ಮಣ್ಣು ಇನ್ನೂ ಹಸಿ ಇದೆ ಕಣೇ! ಹೆತ್ತವಳ ಹೆಸರಿಗೆ ಮಸಿ ಬಳಿಯೋಕೆ ಇವತ್ತೇ ಬೇಕಿತ್ತಾ? ನೋಡಿಲ್ಲಿ, ಎಷ್ಟು ಅಚ್ಚುಕಟ್ಟಾಗಿ ತಾರೀಖು ಸಮೇತ ಬರ್ದಿಟ್ಟಿದಾಳೆ..."

ಕೈಯಲ್ಲಿದ್ದ ಭರಣಿಯ ಮುಚ್ಚಳವನ್ನು ಓದಲು ಹೋದವಳು ಅಲ್ಲೇ ನಿಲ್ಲಿಸಿದಳು. ಅಕ್ಕನ ದುಂಡನೆಯ ಅಕ್ಷರವೇ. ಮುಚ್ಚಳ ಹೊಸದು; ಬರೆದಿದ್ದ ಇಸವಿ ಮಾತ್ರ, ಅಕ್ಕ ತಂಗಿಯರಿಬ್ಬರೂ ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಕಾಲದ್ದು.

ಡ್ರೂಸಿಲಾ ಬಗ್ಗಿ, ಭರಣಿಯನ್ನು ಎರಡೂ ಕೈಯಿಂದ ನೆಲದ ಮೇಲಿಟ್ಟಳು. ಒಂದೊಂದೇ ಕಾರಿನ ಬಾಗಿಲು ತೆರೆದುಕೊಂಡಿತು. ಇಳಿದವರು ತಂತಮ್ಮ ಕೈಯಲ್ಲಿದ್ದ ಮುಚ್ಚಳಗಳನ್ನು ಬೆಳಕಿಗೆ ಹಿಡಿದು ಓದತೊಡಗಿದರು.