ಜರಡಿಯಲ್ಲಿ ಕಲಿತ ಇಂಗ್ಲಿಷ್

ಸರೋಜಾ ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿದ್ದಳು. ಮೂರನೇ ಸಲಕ್ಕೆ ಅವಳ ಜೊತೆ ನಾನೂ ಪರೀಕ್ಷೆಗೆ ಕಟ್ಟಿದೆ. ಅರವತ್ತು ದಾಟಿದ ಮೇಲೆ ರಾತ್ರಿ ಶಾಲೆ ಸೇರಿದವಳು ನಾನು. ಪಾಸಾದರೂ ಸರಿ, ಆಗದಿದ್ದರೂ ಸರಿ. ಅವಳಿಗೆ ಹಾಗಲ್ಲ. ಸರಸ್ವತಿ ನಗರದ ಒಂದು ಶಿಶುವಿಹಾರದಲ್ಲಿ ಟೀಚರ್ ಜಾಗ ಖಾಲಿ ಇತ್ತು. ಹತ್ತನೇ ತರಗತಿ ಮುಗಿಸಿ ಬಂದರೆ ನಿನಗೇ, ಈ ಸಲವೂ ಆಗದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದು ಅಲ್ಲಿನ ಮೇಡಂ ಹೇಳಿಬಿಟ್ಟಿದ್ದರು.

ನಾವಿಬ್ಬರೂ ನಿಟ್ಟುವಳ್ಳಿಯವರು, ಜಮಾಲುದ್ದೀನ್ ಸಾಹೇಬರ ಮಂಡಕ್ಕಿ ಭಟ್ಟಿಯಲ್ಲಿ ಜರಡಿ ಆಡಿಸುವ, ಕೇರುವ ಕೆಲಸ. ಸರೋಜಾಳಿಗೆ ಇಂಗ್ಲಿಷಿನ ಒಂದು ವಿಷಯ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ. ಒಂದು ಕ್ರಿಯಾಪದದ ಬೆನ್ನಿಗೆ ಇನ್ನೊಂದು ಬಂದರೆ ಕೆಲವಕ್ಕೆ ಕೊನೆಯಲ್ಲಿ ‘ಇಂಗ್’ ಬೇಕು, ಕೆಲವಕ್ಕೆ ಮೊದಲಲ್ಲಿ ‘ಟು’ ಬೇಕು. ಎಂಜಾಯ್ ಆದರೆ ಸಿಂಗಿಂಗ್, ವಾಂಟ್ ಆದರೆ ಟು ಸಿಂಗ್. ಯಾವುದಕ್ಕೆ ಯಾವುದು ಎಂದರೆ ಬಾಯಿಪಾಠ ಮಾಡಿರಿ ಎನ್ನುತ್ತಿದ್ದರು ಮೇಷ್ಟ್ರು. ರಾತ್ರಿ ಬಾಯಿಗೆ ಬಂದದ್ದು ಬೆಳಿಗ್ಗೆ ಭಟ್ಟಿಗೆ ಬರುವಷ್ಟರಲ್ಲಿ ಹೋಗಿರುತ್ತಿತ್ತು.

ಒಂದು ದಿನ ಜರಡಿ ಹಿಡಿದಿದ್ದಾಗ ನನಗೆ ಹೊಳೆಯಿತು: ಬಾಯಿ ಮರೆತರೂ ನಮ್ಮ ಕೈ ಮರೆಯುವುದಿಲ್ಲ. ಇಂಗ್ ಬೇಡುವ ಪದಕ್ಕೆ ಜರಡಿಯಂತೆ ಅತ್ತಿತ್ತ ಕೈ ಆಡಿಸುವುದು, ಟು ಬೇಡುವ ಪದಕ್ಕೆ ಮೊರದಲ್ಲಿ ಕೇರಿದಂತೆ ಮೇಲಕ್ಕೆ ಚಿಮ್ಮಿಸುವುದು. ಎಂಜಾಯ್, ಫಿನಿಶ್ ಎಂದರೆ ನಡೆಯುತ್ತಿರುವ ಕೆಲಸ, ಆಡಿಸು. ವಾಂಟ್, ಹೋಪ್ ಎಂದರೆ ಇನ್ನು ಆಗಬೇಕಾದ್ದು, ಚಿಮ್ಮಿಸು. ಎಲ್ಲ ಪದಗಳೂ ಈ ಲೆಕ್ಕಕ್ಕೆ ಬಗ್ಗಲಿಲ್ಲ. ಆದರೂ ತಿಂಗಳೊಳಗೆ ಐವತ್ತು ಪದ ಕೈಗೆ ಬಂದವು. ಪಕ್ಕದಲ್ಲಿ ಚೀಲ ಹೊಲಿಯುತ್ತಿದ್ದ ಹಜೀರಾಬೀ ಇಬ್ಬರಿಗೂ ಗಾಳಿ ಸೋಕಿದೆ ಎಂದು ಊರೆಲ್ಲ ಹೇಳಿಕೊಂಡು ಬಂದಳು.

ಪರೀಕ್ಷೆ ಹರಿಹರದಲ್ಲಿ. ಸರೋಜಾ ಮುಂದಿನ ಬೆಂಚಿನಲ್ಲಿ, ನಾನು ಅವಳ ಹಿಂದೆ. ಅರ್ಧ ಗಂಟೆ ಕಳೆದಿರಬೇಕು, ಆಫೀಸಿನಿಂದ ಒಂದು ಚೀಟಿ ಬಂತು. ಅಲ್ಲಿ ಕೂತು ಕ್ಯಾಮೆರಾ ನೋಡುತ್ತಿದ್ದವರಿಗೆ, ಹಿಂದೆ ಮುಂದೆ ಕೂತ ಇಬ್ಬರು ಹೆಂಗಸರು ಕೈಸನ್ನೆಯಲ್ಲಿ ಉತ್ತರ ಹೇಳಿಕೊಳ್ಳುತ್ತಿರುವುದು ಕಂಡಿತ್ತಂತೆ. ಕೊಠಡಿಯ ಮೇಲ್ವಿಚಾರಕರು ಬಸವಪ್ರಭು ಸರ್. ಚೀಟಿ ಓದಿ ನೇರವಾಗಿ ಬಂದು ಇಬ್ಬರ ಉತ್ತರ ಪತ್ರಿಕೆಗಳನ್ನೂ ಕಿತ್ತುಕೊಂಡರು.

“ಏನ್ರಿ ಇದು, ಈ ವಯಸ್ಸಿನಾಗೆ ಕಾಪಿ?”

ಪತ್ರಿಕೆ ಅವರ ಕೈಯಲ್ಲಿತ್ತು, ಸರೋಜಾಳ ಕಣ್ಣು ಅದರ ಮೇಲೇ ಇತ್ತು.

“ಕಾಪಿ ಅಲ್ರಿ ಸರ್, ಮಂಡಕ್ಕಿ ಕೆಲಸ ಅದು,” ಎಂದೆ ನಾನು.

ನಿಧಾನವಾಗಿ ಎಲ್ಲವನ್ನೂ ಹೇಳಿದೆ. ಅವರು ನಂಬಲಿಲ್ಲ, ಆದರೆ ಕೇಳಿದರು. ಕೊನೆಗೆ ನನ್ನನ್ನು ವರಾಂಡಕ್ಕೆ ಕಳಿಸಿ, ಸರೋಜಾಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಪ್ರಶ್ನೆ ಪತ್ರಿಕೆಯಲ್ಲಿ ಇಲ್ಲದ ಪದಗಳನ್ನೇ ಆರಿಸಿ ಒಂದೊಂದಾಗಿ ಕೇಳಿದರು. ನಾನು ಕಿಟಕಿಯಿಂದ ನೋಡುತ್ತಿದ್ದೆ.

ಅವಾಯ್ಡ್ ಅಂದರು. ಅವಳ ಕೈ ಅತ್ತಿತ್ತ ಆಡಿತು. ಪ್ರಾಮಿಸ್ ಅಂದರು. ಚಿಮ್ಮಿತು. ರೆಫ್ಯೂಸ್, ಚಿಮ್ಮಿತು. ಕೀಪ್, ಆಡಿತು. ಏಳೆಂಟು ಪದಗಳಾದ ಮೇಲೆ ಸರ್ ಮೀಸೆಯಲ್ಲೇ ನಕ್ಕು ಲೈಕ್ ಅಂದರು. ಅದು ನಮ್ಮ ಲೆಕ್ಕಕ್ಕೆ ಬಗ್ಗದ ಪದ. ಸರೋಜಾ ಎರಡೂ ಕೈ ಎತ್ತಿದಳು. ಎಡಗೈ ಜರಡಿ ಆಡಿಸಿತು, ಬಲಗೈ ಕೇರಿತು.

“ಇದಕ್ಕೆ ಎರಡೂ ನಡೀತೈತೆ ಸರ್,” ಎಂದಳು ಗೋಡೆಗೆ.

ಕೊಠಡಿಯಲ್ಲಿದ್ದವರೆಲ್ಲ ನಕ್ಕರು. ಬಸವಪ್ರಭು ಸರ್ ಕ್ಯಾಮೆರಾದ ಕಡೆ ತಿರುಗಿ, ಏನೂ ಇಲ್ಲ ಎಂಬಂತೆ ಕೈ ಮಾಡಿ, ಪತ್ರಿಕೆ ವಾಪಸು ಕೊಟ್ಟರು. ನನ್ನನ್ನು ಕೊನೆಯ ಬೆಂಚಿಗೆ ಕಳಿಸಿದರು.

“ಕೈ ಎಷ್ಟು ಬೇಕಾದರೂ ಆಡಿಸ್ರಿ ತಾಯಿ, ಲಗೂನ ಬರೀರಿ. ಹತ್ತು ನಿಮಿಷ ನನ್ನಿಂದ ಹೋತು,” ಎಂದರು. ಕೊನೆಯ ಗಂಟೆ ಆದ ಮೇಲೂ ಹತ್ತು ನಿಮಿಷ ಕಾದು ನಮ್ಮ ಪತ್ರಿಕೆ ತೆಗೆದುಕೊಂಡರು.

ಫಲಿತಾಂಶದಲ್ಲಿ ನನಗೆ ಮೂವತ್ತೇಳು, ಅವಳಿಗೆ ಐವತ್ತೆರಡು. ಹಜೀರಾಬೀ ಈಗ ತನಗೂ ಕಲಿಸಿ ಎಂದು ಬೆನ್ನು ಬಿದ್ದಿದ್ದಾಳೆ.

ಸರೋಜಾಳ ಕೆಲಸದ ಮೊದಲ ದಿನ ಶಿಶುವಿಹಾರದ ಗೇಟಿನವರೆಗೆ ನಾನೂ ಹೋಗಿದ್ದೆ. ಮೂಗು ಸೋರುತ್ತಿದ್ದ ಒಂದು ಹೆಣ್ಣುಮಗು ಓಡಿ ಬಂದು ಮಿಸ್ ಎಂದು ಕರೆಯಿತು. ಯಾರನ್ನು ಕರೆಯುತ್ತಿದೆಯೋ ಎಂದು ಸರೋಜಾ ಹಿಂದೆ ತಿರುಗಿ ನೋಡಿದಳು. ಅಲ್ಲಿ ನಾನೊಬ್ಬಳೇ ಇದ್ದೆ.

“ನಿನ್ನೇ ಕಣೆ,” ಎಂದೆ.