ಒಗೆಯೋ ಕಲ್ಲಿನ ಹಿಂದಿನ ಪೈಪು

ಪೈಪುಗಳನ್ನೆಲ್ಲ ಗೋಡೆಯೊಳಗೆ ಹಾಕಿಸ್ತೀನಿ ಅಂತ ಪಕ್ಕದ ಮನೆ ದೇವೀರಮ್ಮ ಅಂದ ದಿನವೇ ನನಗೆ ಅನುಮಾನ ಬಂತು. ಕೃಷ್ಣಮೂರ್ತಿಪುರಂನಲ್ಲಿ ನಮ್ಮೆರಡು ಮನೆಗೂ ನಡುವೆ ಇರೋದು ಒಂದೇ ಗೋಡೆ. ಅವಳ ಹಿತ್ತಲ ಕಡೆ ಆ ಗೋಡೆ ಮೇಲೆ ಎರಡೂ ಮನೆ ನೀರಿನ ಪೈಪು ಮೂವತ್ತು ವರ್ಷದಿಂದ ಎಲ್ಲರಿಗೂ ಕಾಣೋ ಹಾಗೇ ಇವೆ. ಈಗ ಏಕಾಏಕಿ ಮುಚ್ಚೋ ಅಂಥದ್ದೇನಪ್ಪಾ?

"ನೋಡೋಕೆ ಚೆನ್ನಾಗಿಲ್ಲ ಗಿರಿಜಕ್ಕ," ಅಂದಳು.

ಮೂವತ್ತು ವರ್ಷ ಚೆನ್ನಾಗಿತ್ತು, ಈಗ ಚೆನ್ನಾಗಿಲ್ವಂತೆ. ಈ ಬೇಸಿಗೇಲಿ ಅವಳ ತೊಟ್ಟಿ ತುಂಬಿ ಹರೀತದೆ, ನಮ್ಮ ನಲ್ಲೀಲಿ ಬೆರಳುಗಾತ್ರ. ಒಗೆಯೋ ಕಲ್ಲಿನ ಹಿಂದೆ ಎಲ್ಲೋ ನನ್ನ ಪೈಪಿಗೆ ಸೇರಿಸ್ಕೊಂಡಿದಾಳೆ, ಅದಕ್ಕೇ ಈ ಮುಚ್ಚಾಟ ಅಂತ ನನಗೆ ಗಟ್ಟಿಯಾಯ್ತು.

ನೀರಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ಇಷ್ಟಲಿಂಗದ ಪೂಜೆಗೆ ನಮ್ಮ ನಲ್ಲಿಯ ಮೊದಲ ಚೊಂಬೇ ಆಗಬೇಕು. ಹನ್ನೊಂದು ವರ್ಷದ ಹಿಂದೆ, ನಮ್ಮ ಯಜಮಾನ್ರು ಬಸವರಾಜು ಇದ್ದಾಗ, ಒಂದ್ಸಲ ನಲ್ಲಿ ಕೈಕೊಡ್ತು. ದೇವೀರಮ್ಮ ಕೊಡ ತುಂಬಿ ತಂದ್ರೆ ಬಾಗಿಲಿಂದಲೇ ವಾಪಸ್ಸು ಕಳಿಸಿದೆ. ಪೂಜೆ ಇಲ್ಲದೆ ಊಟ ಇಲ್ಲ. ಎರಡು ದಿನ ಉಪವಾಸ. ಮೂರನೇ ದಿನ ಯಜಮಾನ್ರು ಯಾರನ್ನೋ ಕರೆಸಿ ರಿಪೇರಿ ಮಾಡಿಸಿದ್ರು. ಆವಾಗಿನಿಂದ ನಮ್ಮ ಮೀಟರು ಅಲ್ಲಾಡಿಲ್ಲ. ಕೆಟ್ಟಿರಬೇಕು ಅಂತಾನೆ ರೀಡಿಂಗಿನವನು. ನಾನು ಹಿತಮಿತವಾಗಿ ಬಳಸ್ತೀನಿ ಕಣಪ್ಪ ಅಂತೀನಿ.

ಕೆಲಸದ ದಿನ ನೀರು ಬಿಡೋ ಹೊತ್ತಿಗೆ ಅವಳ ಹಿತ್ತಲಲ್ಲೇ ಮಣೆ ಹಾಕ್ಕೊಂಡು ಕೂತೆ. ಪ್ಲಂಬರ್ ಪ್ರಸನ್ನ ಗೋಡೆ ಕೊರೀತಿದ್ದ.

"ಧೂಳು ಅಕ್ಕ, ಮನೆಗೋಗಿ. ನಾನಿದೀನಲ್ಲ," ಅಂದಳು ದೇವೀರಮ್ಮ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಹಾಗಿತ್ತು ಅವಳ ಮುಖ.

"ಪ್ರಸನ್ನ, ಸಿಮೆಂಟ್ ಮೆತ್ತೋಕೆ ಮುಂಚೆ ನನ್ನ ವಾಲ್ವ್ ಮುಚ್ಚು. ಇವಳ ನಲ್ಲಿ ನಿಂತ್ರೆ, ಯಾರು ಯಾರ ನೀರು ಕುಡೀತಿದಾರೆ ಅಂತ ಗೊತ್ತಾಗ್ತದೆ."

ದೇವೀರಮ್ಮ ನನ್ನ ಕೈ ಹಿಡ್ಕೊಂಡಳು. "ಬೇಡ ಕಣಕ್ಕ. ಇದ್ದಂಗೇ ಇರ್ಲಿ ಬುಡಿ."

"ಬಿಡಲ್ಲ," ಅಂದೆ.

ಪ್ರಸನ್ನ ಮುಚ್ಚಿದ. ಅವಳ ನಲ್ಲಿ ಸುರೀತಾನೇ ಇತ್ತು. ನಮ್ಮ ಮನೆಗೆ ಓಡಿ ನನ್ನ ನಲ್ಲಿ ತಿರುಗಿಸಿದೆ. ಅದರಲ್ಲೂ ನೀರು ಬಂತು. ನನ್ನ ವಾಲ್ವ್ ಮುಚ್ಚಿದಾನೆ, ಮತ್ತೆ ಇದೆಲ್ಲಿಂದ? "ಅವಳದ್ದು ಮುಚ್ಚು," ಅಂತ ಅಲ್ಲಿಂದಲೇ ಕೂಗಿದೆ. ನಾನು ನೋಡ್ತಿದ್ದ ಹಾಗೇ ನನ್ನ ನಲ್ಲಿ ಸಣ್ಣಗಾಗಿ ನಿಂತುಹೋಯ್ತು.

ವಾಪಸ್ಸು ಬರೋ ಹೊತ್ತಿಗೆ ಪ್ರಸನ್ನ ಒಗೆಯೋ ಕಲ್ಲು ಸರಿಸಿದ್ದ. ಅವಳ ಪೈಪಿನಿಂದ ಒಂದು ತುಂಡು ಬಂದು ನನ್ನ ಪೈಪಿಗೆ ಸೇರಿತ್ತು. "ನಿಮ್ಮ ಸ್ವಂತ ಲೈನ್ ತುಕ್ಕು ಹಿಡಿದು ಕಟ್ಕೊಂಡು ಎಷ್ಟೋ ವರ್ಷ ಆಗಿದೆ ಅಮ್ಮ," ಅಂದ.

ದೇವೀರಮ್ಮ ಕಣ್ಣೊರೆಸ್ಕೊಂಡಳು. "ನೀವು ಉಪವಾಸ ಕೂತಾಗ ಬಸವರಾಜಣ್ಣಾವ್ರೇ ಬಂದು ಕೇಳಿ ಹಾಕಿಸ್ಕೊಂಡ್ರು. 'ಗೊತ್ತಾದ್ರೆ ಮತ್ತೆ ಊಟ ಬಿಡ್ತಾಳೆ, ಹೇಳಬೇಡ ತಂಗಿ' ಅಂದ್ರು. ಈಗ ಒಗೆಯೋ ಕಲ್ಲು ಬಿರುಕು ಬಿಟ್ಟಿದೆ, ತೆಗೆಸಲೇಬೇಕು. ತೆಗೆದ್ರೆ ನಿಮ್ಮ ಕಣ್ಣಿಗೆ ಬೀಳ್ತದೆ ಅಂತ ಮುಚ್ಚಿಸೋಕೆ ಹೋದೆ."

ಯಜಮಾನ್ರು ನನಗೆ ಹೆದರಿ ಈ ಗುಟ್ಟು ಹೊತ್ಕೊಂಡೇ ಹೋದ್ರಲ್ಲ ಅಂತ ಸಂಕಟ ಆಯ್ತು. ಅದಕ್ಕಿಂತ ಅವಳ ಮುಖ ನೋಡೋಕೆ ನಾಚಿಕೆ. ಪ್ರಸನ್ನನಿಗೆ, "ಆ ತುಂಡು ಹಾಗೇ ಇರ್ಲಿ, ಮುಚ್ಚಪ್ಪ," ಅಂದು ಮನೆಗೆ ಬಂದುಬಿಟ್ಟೆ.

ಮಾರನೇ ಬೆಳಗ್ಗೆ ಸ್ನಾನ ಮಾಡಿ, ಖಾಲಿ ಚೊಂಬು ಹಿಡ್ಕೊಂಡು ಅವಳ ಬಾಗಿಲಿಗೆ ಹೋದೆ.

"ಪೂಜೆಗೆ ನೀರು ಕೊಡಮ್ಮ."

ಅವಳು ಗಾಬರಿಯಾದಳು. "ಯಾಕಕ್ಕ, ನಿಮ್ಮ ನಲ್ಲೀಲಿ ಬರ್ತಿಲ್ವಾ?"

"ಬರ್ತಿದೆ. ಅವತ್ತು ವಾಪಸ್ಸು ಕಳಿಸಿದ್ನಲ್ಲ, ಆ ಕೊಡದ ನೀರು ಕೇಳೋಕೆ ಬಂದೆ."