ಹಾರ ಹಾಕಿಕೊಂಡ ನಾಯಿಗಳು

ನಮ್ಮ ಅತ್ತೆ ಶಿವಬಸಮ್ಮನವರ ಲೆಕ್ಕದಲ್ಲಿ ಭೂಮಿಯ ಮೇಲಿರುವುದು ಎರಡೇ ಬಗೆಯ ಜನ. ಲಿಂಗಪೂಜೆ ಮಾಡಿ ಕಾಫಿ ಕುಡಿಯುವವರು, ಕಾಫಿ ಕುಡಿದು ಲಿಂಗಪೂಜೆ ಮಾಡುವವರು. ಮದುವೆಯಾಗಿ ಜಯನಗರದ ಆ ಮನೆಗೆ ಕಾಲಿಟ್ಟ ದಿನದಿಂದ ನಾನು ಎರಡನೆಯ ಗುಂಪಿನವಳೆಂದು ಅವರಿಗೆ ಗುಮಾನಿ. ಶುದ್ಧ ಸುಳ್ಳು. ಆದರೆ ಅತ್ತೆಯ ಗುಮಾನಿಗೆ ಮದ್ದುಂಟೆ?

ಎಂಬತ್ತಮೂರರ ದೀಪಾವಳಿಗೆ ಹತ್ತು ದಿನ ಮೊದಲು ನಾನೂ ನಮ್ಮ ಯಜಮಾನರು ಪರಮಶಿವಯ್ಯನವರೂ ಕಾಶಿ, ನೇಪಾಳ ನೋಡಲು ಯಾತ್ರೆಯ ಬಸ್ಸಿನಲ್ಲಿ ಹೊರಟೆವು. ಅತ್ತೆ ಗೇಟಿನವರೆಗೆ ಬಂದರು.

"ಗಿರಿಜಾ, ಪರದೇಶ. ಹುಷಾರು. ಲಿಂಗ ಅಂಗೈ ಮೇಲಿದ್ದಾಗ ಏಳ್ಬೇಡ, ಕೆಳಗಿಡ್ಬೇಡ. ಕಳಕೊಂಡ್ರೆ ಪ್ರಾಣ ಹೋದ ಹಾಗೆ. ಭಿನ್ನ ಆದ್ರೂ ಅಷ್ಟೇ, ಹೊಳೆಗೆ ಬಿಡ್ಬೇಕಾಗ್ತದೆ."

ನನ್ನ ಕೊರಳಿನ ಲಿಂಗ ನಾನು ತೊಟ್ಟಿಲಲ್ಲಿದ್ದಾಗ ಕಟ್ಟಿದ್ದು. ಅದಿಲ್ಲದೆ ಒಂದು ದಿನವೂ ಇದ್ದವಳಲ್ಲ. ಅವರ ಮಾತು ಕೇಳಿ ಕೈ ತಾನಾಗಿ ಕೊರಳಿಗೆ ಹೋಯಿತು.

ಕಠ್ಮಂಡು ಸೇರುವಷ್ಟರಲ್ಲಿ ಕತ್ತಲಾಗಿತ್ತು. ಬೆಳಿಗ್ಗೆ ಎದ್ದರೆ ಲಾಡ್ಜಿನ ನಲ್ಲಿಯಲ್ಲಿ ನೀರಿಲ್ಲ, ರೂಮಿನ ತುಂಬ ಜನ. ಹತ್ತಿರದಲ್ಲೇ ಒಂದಷ್ಟು ಮೆಟ್ಟಿಲಿಳಿದರೆ ಕಲ್ಲಿನ ಬಾಯಿಂದ ನೀರು ಸುರಿಯುವ ಕೊಳವಿತ್ತು. ಅಲ್ಲೇ ಪೂಜೆ ಮುಗಿಸೋಣವೆಂದು ಹೊರಟೆ. ಮೆಟ್ಟಿಲ ತಲೆಯಲ್ಲಿ ನಾಲ್ಕೈದು ಬೀದಿನಾಯಿಗಳು ಬಿದ್ದುಕೊಂಡಿದ್ದವು. ನನಗೆ ನಾಯಿ ಎಂದರೆ ಪ್ರಾಣಭಯ. ನಿಂತುಬಿಟ್ಟೆ.

"ಅಯ್ಯೋ, ಕೊರಳಲ್ಲಿ ಚೆಂಡುಹೂವಿನ ಹಾರ ನೋಡೇ, ಹಣೇಲಿ ಕುಂಕುಮ ಬೇರೆ!" ಎಂದರು ನಮ್ಮವರು. "ಸಾಕಿದ ನಾಯಿಗಳು. ನಮ್ಮಲ್ಲಿ ಕೊರಳಲ್ಲಿ ಬಿಲ್ಲೆ ಇದ್ರೆ ಕಾರ್ಪೊರೇಷನ್‌ನೋರೂ ಮುಟ್ಟಲ್ಲ. ಹಾಗೇ ಇದೂನೂ. ಹೋಗು, ನಾನು ಇಲ್ಲೇ ಇರ್ತೀನಿ."

ಬ್ಯಾಂಕಿನಲ್ಲಿ ಕೆಲಸ ಮಾಡುವವರು, ತಿಳಿದೇ ಹೇಳುತ್ತಾರೆಂದು ನಂಬಿದೆ. ಹಿಂದಿನ ದಿನ ಆ ಊರಿನಲ್ಲಿ ನಾಯಿಗಳ ಹಬ್ಬವೆಂದೂ, ವರ್ಷಕ್ಕೊಮ್ಮೆ ಬೀದಿನಾಯಿಗಳಿಗೂ ಹಾರ ಹಾಕಿ ಸಿಹಿ ತಿನ್ನಿಸುತ್ತಾರೆಂದೂ ಆಮೇಲೆ ತಿಳಿಯಿತು. ನಿನ್ನೆ ಹಬ್ಬ, ಇವತ್ತು ಹಸಿವು.

ಕಲ್ಲಿನ ಮೇಲೆ ಕುಳಿತು ಲಿಂಗವನ್ನು ಎಡಗೈಯಲ್ಲಿಟ್ಟು, ಹಾಲು ಹನಿಸಿ, ವಿಭೂತಿ ಹಚ್ಚಿದೆ. ಪಕ್ಕದಲ್ಲಿ ನೀರಿನ ಚೊಂಬು, ತಟ್ಟೆಯಲ್ಲಿ ಬಾಳೆಹಣ್ಣು, ಸಕ್ಕರೆ. ಬೆನ್ನ ಹಿಂದೆ ಉಗುರು ಕಲ್ಲಿಗೆ ತಾಗುವ ಸದ್ದಾಯಿತು. ತಿರುಗಿ ನೋಡಿದರೆ ಒಂದೊಂದಾಗಿ ಇಳಿದು ಬರುತ್ತಿವೆ. ಒಂದು ತಟ್ಟೆಗೆ ಬಾಯಿ ಹಾಕಿತು. ಅದಕ್ಕಾಗಿ ಉಳಿದವು ಗುರ್ರೆನ್ನುತ್ತ ನನ್ನ ಮೈಮೇಲೆಯೇ ಕಚ್ಚಾಡತೊಡಗಿದವು. ಏಳುವಂತಿಲ್ಲ. ಲಿಂಗ ಕೆಳಗಿಡುವಂತಿಲ್ಲ. ಎಲ್ಲಕ್ಕಿಂತ ದೊಡ್ಡದು, ಕಂದುಬಣ್ಣದ್ದು, ಹಾಲಿನ ವಾಸನೆ ಹಿಡಿದು ಮೂತಿಯನ್ನು ನೇರ ನನ್ನ ಅಂಗೈಗೆ ತಂದಿತು.

ಏನು ಯೋಚಿಸಿದೆನೋ, ಯೋಚಿಸಿದೆನೋ ಇಲ್ಲವೋ, ಲಿಂಗವನ್ನು ಬಾಯಿಗೆ ಹಾಕಿಕೊಂಡುಬಿಟ್ಟೆ.

ಎರಡೂ ಕೈ ಖಾಲಿಯಾದವು. ಚೊಂಬು ಎತ್ತಿ ಬೀಸಿದೆ. ಕಂದುನಾಯಿ ಸರಿಯಿತು, ಆದರೆ ಹಿಂದಿನಿಂದ ಇನ್ನೊಂದು ಮೀನಖಂಡಕ್ಕೆ ಬಾಯಿ ಹಾಕಿ ಕಚ್ಚಿ ಹಿಡಿಯಿತು. ಜೀವ ಹೋದ ಹಾಗಾಯಿತು. ಕಿರುಚಿದರೆ ಲಿಂಗ ನಾಯಿಗಳ ನಡುವೆ ಬೀಳುತ್ತದೆ. ಉಸಿರೆಳೆದುಕೊಂಡರೆ ಗಂಟಲಿಗಿಳಿಯುತ್ತದೆ. ಹಲ್ಲು ಕಚ್ಚಿದೆ. ಮೇಲೆ ನಮ್ಮವರು ಬೆನ್ನು ಹಾಕಿ ಬಸ್ಸಿನ ಡ್ರೈವರ್ ಜೊತೆ ಚಳಿಯ ಬಗ್ಗೆ ಮಾತಾಡುತ್ತಿದ್ದರು. ಆ ಬೆನ್ನನ್ನು ನೋಡುತ್ತ ಚೊಂಬಿನಿಂದ ಕಲ್ಲಿಗೆ ಬಡಿದೆ, ಬಡಿಯುತ್ತಲೇ ಇದ್ದೆ.

ಕೊನೆಗೂ ತಿರುಗಿದರು. "ಹಚಾ! ಹಚಾ!" ಎನ್ನುತ್ತ ಚಪ್ಪಲಿ ಎಸೆದುಕೊಂಡು ಓಡಿಬಂದರು. ನೇಪಾಳದ ನಾಯಿಗಳಿಗೆ ಕನ್ನಡ ಬಾರದಿದ್ದರೂ ಚಪ್ಪಲಿ ಅರ್ಥವಾಯಿತು.

"ಕೂಗಬಾರದಿತ್ತೇನೇ? ಬಾಯಿ ಇರ್ಲಿಲ್ವಾ?"

ನಾನು ಸೆರಗೊಡ್ಡಿ ಬಾಯಿ ತೆರೆದೆ. ಅವರು ಕಾಲಿನ ರಕ್ತ ನೋಡುವುದನ್ನೂ ಮರೆತು ನಿಂತರು.

"ಎಂಜಲಾಯ್ತು ರೀ," ಎಂದೆ. "ಅತ್ತೆಗೆ ಹೇಳ್ಬೇಡಿ."

ಆ ಊರಿನ ಆಸ್ಪತ್ರೆಯಲ್ಲೇ ಗಾಯ ತೊಳೆಸಿ ಸೂಜಿ ಶುರುಮಾಡಿಸಿದೆವು. ಉಳಿದದ್ದು ಜಯನಗರದಲ್ಲಿ. "ಕಚ್ಚಿದ ನಾಯಿ ಬದುಕಿದ್ಯಾ, ನೋಡ್ತಾ ಇದ್ದೀರಾ?" ಎಂದರು ಡಾಕ್ಟರು. ಕಠ್ಮಂಡುವಿನ ನಾಯಿಯನ್ನು ಜಯನಗರದಿಂದ ಹೇಗೆ ನೋಡುವುದು? ದಿನವೂ ಹೊಕ್ಕುಳ ಸುತ್ತ ಚುಚ್ಚಿದರು. ನೀರು ಕುಡಿಯುವಾಗಲೆಲ್ಲ ನಾಯಿಹುಚ್ಚು ಹತ್ತಿ ಗಂಟಲು ಬಿಗಿಯುತ್ತದೆಯೋ ಎಂದು ಹೆದರಿಕೆ. ಆದರೆ ಅದಕ್ಕಿಂತ ದೊಡ್ಡ ಹೆದರಿಕೆ ಬೇರೆಯಿತ್ತು. ಲಿಂಗದ ಮೇಲಿನ ಕಪ್ಪು ಲೇಪದಲ್ಲಿ ನನ್ನ ಹಲ್ಲಿನ ಗುರುತು ಮೂಡಿತ್ತು. ಅತ್ತೆ ನೋಡಿದರೆ ಭಿನ್ನವಾಯಿತೆಂದು ಹೊಳೆಗೆ ಬಿಡಿಸುತ್ತಾರೆ. ಗೋಡೆಗೆ ಮುಖ ಮಾಡಿ ಪೂಜೆ ಮಾಡತೊಡಗಿದೆ.

ಒಂದು ಬೆಳಿಗ್ಗೆ ಸೂಜಿಯ ಜ್ವರಕ್ಕೆ ಕೈ ನಡುಗಿ ಲಿಂಗ ಜಾರಿತು. ಅತ್ತೆ ಎಲ್ಲಿದ್ದರೋ, ಬಂದು ತಮ್ಮ ಅಂಗೈ ಒಡ್ಡಿ ಹಿಡಿದರು. ಕಿಟಕಿಯ ಬೆಳಕಿಗೆ ತಿರುಗಿಸಿದರು.

"ಇದೇನೇ ಗಿರಿಜಾ?"

ಇನ್ನು ಮುಚ್ಚಿಟ್ಟು ಫಲವಿಲ್ಲ. ಎಲ್ಲ ಹೇಳಿದೆ. ಬಾಯಿಗೆ ಹಾಕಿಕೊಂಡದ್ದು, ಕೂಗದೆ ಇದ್ದದ್ದು. "ಹೊಳೆಗೆ ಬಿಡಿಸ್ಬೇಡಿ ಅತ್ತೆ," ಎಂದು ಅವರ ಕಾಲು ಹಿಡಿದೆ.

ಅತ್ತೆ ಲೇಪದಲ್ಲಿ ಮೂಡಿದ್ದ ಆ ಗುರುತುಗಳ ಮೇಲೆ ಹೆಬ್ಬೆರಳನ್ನು ಮೆಲ್ಲಗೆ ಆಡಿಸಿದರು. ಎಷ್ಟು ಆಳಕ್ಕಿಳಿದಿವೆ ಎಂದು ನೋಡುತ್ತಿದ್ದರು.

"ಇಷ್ಟು ನೋವಾಗಿತ್ತೇನೇ ನಿಂಗೆ?" ಎಂದರು.